ಮೀಥೇನ್ ಸೆಲ್ ಮಾಡೆಲ್ ಕೊನೆಗೂ ಕನ್ವರ್ಜ್ ಆಯ್ತು

ಘನ ಆಕ್ಸೈಡ್ ಸೆಲ್ (ಇಂಧನದಿಂದ ನೇರವಾಗಿ ವಿದ್ಯುತ್ ಮಾಡುವ ಫ್ಯುಯಲ್ ಸೆಲ್), ಒಳಗೇ ಮೀಥೇನ್ ರಿಫಾರ್ಮಿಂಗ್ (ಹಬೆ ಸೇರಿಸಿ ಮೀಥೇನಿನಿಂದ ಹೈಡ್ರೋಜನ್ ಪಡೆಯುವುದು), ಅದರ ಮೇಲೆ ಕೌಂಟರ್ ಫ್ಲೋ, ಅಂದರೆ ಇಂಧನ, ಗಾಳಿ ಎದುರುಬದುರು ಹರಿಯುವುದು. ‘ಒನ್‌ಡಿ ಮಾಡೆಲ್‌ನಲ್ಲಿ ಇದು ನಿಲ್ಲಲ್ಲ, ಸುಮ್ನೆ ತ್ರೀಡಿ ಪ್ಯಾಕೇಜ್ ತಗೊಳ್ಳಿ’ ಎಂದವರೇ ಜಾಸ್ತಿ. ನಿಂತಿದೆ, ಲೆಕ್ಕ ಒಂದು ಸ್ಥಿರ ಉತ್ತರಕ್ಕೆ ಬಂದಿದೆ. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಒಂದು ರನ್ನಿಗೆ ಒಂದು ನಿಮಿಷವೂ ಬೇಡ.

ಪ್ಯಾಕೇಜಿನ ಲೈಸೆನ್ಸಿಗೆ ಲಕ್ಷಗಟ್ಟಲೆ ಬೇಕು. ಬಾಡಿಗೆ ಸರ್ವರ್‌ನಲ್ಲಿ ತ್ರೀಡಿ ಓಡಿಸಿ ನೋಡಿದೆವು. ಹತ್ತಿರ ಹತ್ತಿರ ನಲವತ್ತು ಸಾವಿರ ಹೋಯ್ತು, ಕೈಗೆ ಬಂದದ್ದು ಎರಡು ಚಿತ್ರ. ಆಮೇಲೆ ಪೈಥಾನ್ ಮತ್ತು ರಾಸಾಯನಿಕ ಕ್ರಿಯೆಗಳನ್ನು ಲೆಕ್ಕ ಹಾಕುವ ಕ್ಯಾಂಟೆರಾಕ್ಕೆ ಬಂದೆ. ಎರಡೂ ಉಚಿತ.

ತೊಂದರೆ ಎಲ್ಲಾ ಇಂಧನ ಒಳಬರುವ ಮೊದಲ ಒಂದೆರಡು ಸೆಂಟಿಮೀಟರಿನಲ್ಲಿ. ರಿಫಾರ್ಮಿಂಗ್ ಮೋಲ್‌ಗೆ 206 ಕಿಲೋಜೌಲ್ ಶಾಖ ನುಂಗುತ್ತದೆ. ಲೆಕ್ಕದ ಒಂದು ಸುತ್ತಿನಲ್ಲಿ ಅಲ್ಲಿ ತಣ್ಣಗಾಗಿ ಕ್ರಿಯೆ ಕುಂಟುತ್ತದೆ, ಮುಂದಿನ ಸುತ್ತಿನಲ್ಲಿ ಬಿಸಿಯೇರಿ ಕ್ರಿಯೆ ಹಾರುತ್ತದೆ. ಕ್ರಿಯೆಯ ವೇಗ ಹೇಳುವ ಶೂ–ಫ್ರೊಮೆಂಟ್ ಸಮೀಕರಣ ಹಾಕಿದರೆ ಇನ್ನೂ ಕಷ್ಟ. ಛೇದದಲ್ಲಿ ಹೈಡ್ರೋಜನ್ನಿನ 2.5 ಘಾತ ಕೂತಿದೆ, ಹೈಡ್ರೋಜನ್ ಇಲ್ಲದ ಕಡೆ ಸಿಡಿಯುತ್ತದೆ. ರಿಲ್ಯಾಕ್ಸೇಶನ್ (ಪ್ರತಿ ಸುತ್ತಿನ ಬದಲಾವಣೆಯಲ್ಲಿ ಎಷ್ಟು ಪಾಲು ಒಪ್ಪಬೇಕು ಎಂಬುದು) 0.05ಕ್ಕೆ ಇಳಿಸಿ ರಾತ್ರಿಯಿಡೀ ಬಿಟ್ಟರೂ ಉಯ್ಯಾಲೆ ನಿಲ್ಲಲಿಲ್ಲ. ವೇಗದ್ದೇ ಇನ್ನೊಂದು, ಅಕೆನ್‌ಬಾಕ್ ಸಮೀಕರಣಕ್ಕೆ ಬದಲಾಯಿಸಿದ ಮೇಲೆ ಸ್ವಲ್ಪ ಉಸಿರಾಡಿದೆ. ಅದರ ಸಕ್ರಿಯಣ ಶಕ್ತಿ ಮೋಲ್‌ಗೆ 82 ಕಿಲೋಜೌಲ್ ಅಷ್ಟೇ, ಬಿಸಿ ಬದಲಾದರೂ ವೇಗ ಅಷ್ಟೊಂದು ಹಾರುವುದಿಲ್ಲ.

ಕೆಲಸ ಮಾಡಿದ್ದು ಇದು. ರಿಫಾರ್ಮಿಂಗ್ ದರವನ್ನು ಒಂದು ಗುಣಕದಿಂದ ಗುಣಿಸಿ. ಕರೆಂಟ್ ಕಡಿಮೆ ಇಟ್ಟು ಗುಣಕವನ್ನು ಸೊನ್ನೆಯಿಂದ ಒಂದಕ್ಕೆ ಏರಿಸಿ, ಪ್ರತಿ ಉತ್ತರವೂ ಮುಂದಿನದಕ್ಕೆ ಆರಂಭ. ಆಮೇಲೆ ಕರೆಂಟ್ ಏರಿಸಿ. ವೋಲ್ಟೇಜನ್ನೂ ಅಜ್ಞಾತವಾಗಿಡಿ, ಸರಾಸರಿ ಕರೆಂಟ್ ಅದರ ಸಮೀಕರಣ. ಮೋಲ್ ಅಂಶಗಳ (ಪ್ರತಿ ಅನಿಲದ ಪಾಲಿನ) ಲಾಗ್ ತೆಗೆದುಕೊಂಡರೆ ಋಣ ಸಂಖ್ಯೆಯ ಕಾಟವಿಲ್ಲ. ಗುಣಕ ಅರ್ಧ ದಾಟುವಾಗ ಹೆಜ್ಜೆ ಎಷ್ಟಿಡಬೇಕು ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ, ಪೇಪರ್ ಬರಲಿ.

ನಂಬದವರಿಗಾಗಿ ಐಇಎ (ಅಂತರರಾಷ್ಟ್ರೀಯ ಇಂಧನ ಸಂಸ್ಥೆ) ಬೆಂಚ್‌ಮಾರ್ಕ್, ಅಂದರೆ ಹಲವು ತಂಡಗಳು ಒಂದೇ ಸೆಲ್ಲನ್ನು ಲೆಕ್ಕ ಹಾಕಿ ಹೋಲಿಸಿದ ಪರೀಕ್ಷೆ, ಓಡಿಸಿದೆ: 30% ಮೊದಲೇ ರಿಫಾರ್ಮ್ ಆದ ಮೀಥೇನ್, ಒಳಬರುವ ಅನಿಲ 900 ಡಿಗ್ರಿ, ಚದರ ಮೀಟರಿಗೆ 3000 ಆಂಪಿಯರ್, ಇಂಧನ ಬಳಕೆ 85%. ಕೋ ಫ್ಲೋದಲ್ಲಿ (ಇಂಧನ, ಗಾಳಿ ಒಂದೇ ದಿಕ್ಕಿಗೆ) 0.64 ವೋಲ್ಟ್ ಆಸುಪಾಸು. ತಣ್ಣನೆಯ ಜಾಗ 850ರ ಮೇಲೆ, ಬಿಸಿ ಜಾಗ 1030ರ ಹತ್ತಿರ. ಆಗ ಭಾಗವಹಿಸಿದ್ದ ತಂಡಗಳ ಅಂಕಿಗಳ ನಡುವೆಯೇ ಬಿತ್ತು! ಕೌಂಟರ್ ಫ್ಲೋದಲ್ಲಿ ವೋಲ್ಟೇಜ್ ಸ್ವಲ್ಪ ಜಾಸ್ತಿ, ಶಾಖವೂ ಜಾಸ್ತಿ, ಇರಬೇಕಾದ ಹಾಗೆಯೇ.

ಈ ನಡುವೆ ಗೋಬರ್ ಗ್ಯಾಸ್ ಸಂಯೋಜನೆಯನ್ನೂ ಹಾಕಿ ನೋಡಿದೆ. ಇಂಗಾಲದ ಡೈಆಕ್ಸೈಡಿನ ಜೊತೆಗಿನ ರಿಫಾರ್ಮಿಂಗ್ 247 ಕಿಲೋಜೌಲ್ ಕೇಳುತ್ತದೆ, ಹಾಗಾಗಿ ಇಂಧನ ಒಳಬರುವ ಬಾಯಿ ಇನ್ನೂ ತಣ್ಣಗಾಗುತ್ತದೆ. ಹಬೆ ಕಡಿಮೆ ಮಾಡಿದರೆ ಕ್ಯಾಂಟೆರಾ ಮಸಿ ತೋರಿಸುತ್ತದೆ. ರಿಫಾರ್ಮಿಂಗ್ ನಡೆಸುವ ನಿಕ್ಕಲ್ ಮೇಲೆ ಕೂರುವ ಗಂಧಕವನ್ನು ಇನ್ನೂ ಸೇರಿಸಿಲ್ಲ, ಈಗ ಅದನ್ನೇ ಬರೆಯುತ್ತಿದ್ದೇನೆ.