ಇದ್ದಕ್ಕಿದ್ದಂತೆ ಎರಡೆರಡು ಕಾಣುತ್ತಿದೆಯೇ? ಮೊದಲು ಒಂದು ಕಣ್ಣು ಮುಚ್ಚಿ ನೋಡಿ

ಅಡಿಕೆ ಸುಗ್ಗಿಯ ಸಮಯ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಚಿಕ್ಕಪ್ಪ ಮೆಟ್ಟುಗತ್ತಿ ಬಿಟ್ಟು ಎದ್ದರು. "ಬಲ್ಬು ಒಂದರ ಮೇಲೊಂದು ಕಾಣ್ತಿದೆ ಮಾರಾಯ" ಎಂದರು. ತಲೆ ಎಡಕ್ಕೆ ವಾಲಿತ್ತು. ಪಿತ್ತ ಇರಬೇಕು ಅಂತ ಜೀರಿಗೆ ಕಷಾಯ ಕೊಟ್ಟು ಮಲಗಿಸಿದೆವು. ಅದು ಮಿದುಳಿನ ಕಾಂಡಕ್ಕೆ, ಅಂದರೆ ಮಿದುಳನ್ನು ಬೆನ್ನುಹುರಿಗೆ ಜೋಡಿಸುವ ಭಾಗಕ್ಕೆ, ಆದ ಸ್ಟ್ರೋಕ್ ಅಂತ ಗೊತ್ತಾಗಿದ್ದು ಮರುದಿನ. ಕಳೆದುಹೋದ ಆ ರಾತ್ರಿ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಮನೆಯಲ್ಲಿ ಯಾರಿಗಾದರೂ ಹೀಗೆ ಎರಡೆರಡು ಕಂಡರೆ ಮೊದಲು ಒಂದು ಕಣ್ಣು ಮುಚ್ಚಿಸಿ, ಆಮೇಲೆ ಇನ್ನೊಂದು. ಯಾವ ಕಣ್ಣು ಮುಚ್ಚಿದರೂ ಒಂದೇ ಕಾಣುತ್ತದೆಯೇ? ಹಾಗಾದರೆ ಎರಡು ಕಣ್ಣು ಒಂದೇ ಕಡೆ ನೆಟ್ಟಿಲ್ಲ ಎಂದರ್ಥ. ಒಂದು ಕಣ್ಣು ಮುಚ್ಚಿದ ಮೇಲೂ ಎರಡು ಕಂಡರೆ ತೊಂದರೆ ಹೆಚ್ಚಾಗಿ ಕಣ್ಣಿನೊಳಗೇ ಇರುತ್ತದೆ, ಪೊರೆ ಬಂದಿರುವ ಹಾಗೆ.

ಈಗ ಕತ್ತು ಅಲ್ಲಾಡಿಸದೆ ನಿಮ್ಮ ಬೆರಳನ್ನೇ ನೋಡಲು ಹೇಳಿ. ಬೆರಳನ್ನು ನಿಧಾನಕ್ಕೆ ಎಡಕ್ಕೆ, ಬಲಕ್ಕೆ ಒಯ್ಯಿರಿ. ಒಂದು ಕಣ್ಣು ಮೂಗಿನ ಕಡೆ ಬರಲಾರದೆ ನಿಂತು, ಹೊರಗೆ ಹೊರಳಿದ ಇನ್ನೊಂದು ಕಣ್ಣು ಅದುರುತ್ತಿದೆಯೇ? ಎರಡು ಕಣ್ಣನ್ನು ಜೋಡೆತ್ತಿನ ಹಾಗೆ ಒಟ್ಟಿಗೆ ನಡೆಸುವ ನರದ ಎಳೆ ಮಿದುಳಿನ ಕಾಂಡದಲ್ಲಿದೆ. ಅದಕ್ಕೆ ಪೆಟ್ಟಾದರೆ ಹೀಗಾಗುತ್ತದೆ. ವಯಸ್ಸಾದವರಲ್ಲಿ ಇದಕ್ಕೆ ಹೆಚ್ಚಾಗಿ ಸ್ಟ್ರೋಕ್ ಕಾರಣ. ಚಿಕ್ಕ ವಯಸ್ಸಿನವರಲ್ಲಿ ಮಲ್ಟಿಪಲ್ ಸ್ಕ್ಲಿರೋಸಿಸ್ (ನರದ ಎಳೆಗಳ ಹೊದಿಕೆ ಹಾಳಾಗುವ ಕಾಯಿಲೆ) ಕೂಡ ಇರಬಹುದು.

ಚಿಕ್ಕಪ್ಪನದು ಬೇರೆ ಬಗೆ. ಕಿವಿಯೊಳಗೆ ಸಮತೋಲ ಅಳೆಯುವ ಅಂಗವಿದೆ. ಅದರ ಸುದ್ದಿ ಮಿದುಳಿನ ಕಾಂಡದ ಮೂಲಕ ಕಣ್ಣಿಗೆ ಹೋಗಿ, ಎರಡನ್ನೂ ಒಂದೇ ಮಟ್ಟದಲ್ಲಿ ಇಡುತ್ತದೆ. ಆ ದಾರಿ ಕೆಟ್ಟರೆ ಒಂದು ಕಣ್ಣು ಮೇಲೆ, ಇನ್ನೊಂದು ಕೆಳಗೆ. ಕೆಳಗಿಳಿದ ಕಣ್ಣಿನ ಕಡೆಗೆ ತಲೆಯೂ ವಾಲುತ್ತದೆ. ನಾವು ಕತ್ತು ಉಳುಕಿದೆ ಅಂದುಕೊಂಡದ್ದು ಇದನ್ನೇ.

ಈ ಪರೀಕ್ಷೆಗೆ ಒಂದೆರಡು ನಿಮಿಷ ಸಾಕು. ಪರೀಕ್ಷೆ ಏನೇ ಹೇಳಲಿ, ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಸುಮ್ನೆ ಕಾಯಬೇಡಿ. ಜೊತೆಗೆ ತಲೆಸುತ್ತು, ತೊದಲು ಮಾತು, ತೂರಾಟ, ನುಂಗಲು ಕಷ್ಟ ಇದ್ದರಂತೂ ತಕ್ಷಣ 108ಕ್ಕೆ ಫೋನ್ ಮಾಡಿ. ಕೊನೆಯ ಸಲ ಸರಿಯಿದ್ದದ್ದು ಎಷ್ಟು ಗಂಟೆಗೆ ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆಯ ಅವಧಿ. ಘಟ್ಟದ ಮೇಲಿನ ನಮ್ಮ ಊರುಗಳಿಂದ ಶಿವಮೊಗ್ಗ ತಲುಪುವುದರಲ್ಲೇ ಅದರಲ್ಲಿ ಎಷ್ಟೋ ಹೊತ್ತು ಕರಗುತ್ತದೆ ಅಲ್ವಾ? ಕಷಾಯ, ನೀರು, ಮಾತ್ರೆ ಏನೂ ಕೊಡಬೇಡಿ. ನುಂಗುವಾಗ ಶ್ವಾಸಕೋಶಕ್ಕೆ ಹೋಗಬಹುದು. ಆರಂಭದಲ್ಲಿ ಸಿ.ಟಿ. ಸ್ಕ್ಯಾನ್‌ನಲ್ಲಿ ಮಿದುಳಿನ ಕಾಂಡದ ಸ್ಟ್ರೋಕ್ ಕಾಣದೇ ಹೋಗುವುದುಂಟು. ಎಂ.ಆರ್.ಐ. ಬೇಕೇ ಅಂತ ಡಾಕ್ಟರನ್ನು ಕೇಳಿ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಬೆಳಿಗ್ಗೆ ರೆಪ್ಪೆ ಜೋತು ಎರಡೆರಡು ಕಂಡರೆ ಕಟ್ಟುಹಾವಿನ ಕಡಿತವನ್ನೂ ಅನುಮಾನಿಸಿ. ಆ ಕಡಿತ ಎಷ್ಟೋ ಸಲ ನೋಯುವುದೇ ಇಲ್ಲ. ಇದಕ್ಕೂ ಆಸ್ಪತ್ರೆಯೇ ದಾರಿ.

ಮನೆಗೆ ಬಂದ ಮೇಲೆ ಕಣ್ಣುಪಟ್ಟಿ ಕಟ್ಟಬಹುದು, ಒಂದು ದಿನ ಈ ಕಣ್ಣಿಗೆ, ಮರುದಿನ ಆ ಕಣ್ಣಿಗೆ. ಬೆಳಕನ್ನು ಬಾಗಿಸಿ ಎರಡು ಬಿಂಬವನ್ನು ಕೂಡಿಸುವ, ಕನ್ನಡಕಕ್ಕೆ ಅಂಟಿಸುವ ಪ್ರಿಸಂ ಹಾಳೆಯೂ ಸಿಗುತ್ತದೆ. ಪಟ್ಟಿ ಕಟ್ಟಿದಾಗ ಆಳದ ಅಂದಾಜು ತಪ್ಪುತ್ತದೆ. ಹಾಗಾಗಿ ಪಾಚಿ ಕಟ್ಟಿದ ಅಂಗಳದಲ್ಲಿ ಕೈ ಹಿಡಿದು ನಡೆಸಿ. ಬೈಕ್ ಓಡಿಸಲು ಬಿಡಬೇಡಿ. ಹಲವರಲ್ಲಿ ಕೆಲವು ವಾರ, ತಿಂಗಳುಗಳಲ್ಲಿ ದೃಷ್ಟಿ ಕೂಡಿಕೊಳ್ಳುತ್ತದೆ. ಚಿಕ್ಕಪ್ಪನಿಗೆ ಮೂರನೇ ತಿಂಗಳಲ್ಲಿ ಜಗಲಿಯ ಬಲ್ಬು ಒಂದಾಯಿತು.