ಪುಟ್ಟ ಮಕ್ಕಳಿಗೆ ಮೊಸರು ತಿನ್ನಿಸೋದು ಹೇಗೆ

ಮಗುಗೆ 6 ತಿಂಗಳು ತುಂಬಿ ಗಂಜಿ, ಸರಿ ಅಂತ ತಿನ್ನಿಸೋಕೆ ಶುರು ಮಾಡಿದ್ಮೇಲೆ ಮೊಸರೂ ಕೊಡಬಹುದು. ಎದೆಹಾಲಿನ ಬದಲಿಗೆ ಹಸುವಿನ ಹಾಲು ಕುಡಿಸೋದು ಮಾತ್ರ ವರ್ಷ ತುಂಬೋವರೆಗೂ ಬೇಡ. ಮೊದಲ ಸಲ ಒಂದೆರಡು ಚಮಚ ಸಾಕು, ಅದೂ ಬೆಳಗ್ಗೆ ಹೊತ್ತೇ ಕೊಡಿ, ಯಾಕಂದ್ರೆ ಹಾಲಿನ ಅಲರ್ಜಿ ಇದ್ದು ದದ್ದು, ತುಟಿ ಊತ, ವಾಂತಿ ಏನಾದ್ರೂ ಕಾಣಿಸ್ಕೊಂಡ್ರೆ ಹಗಲೇ ಡಾಕ್ಟರ್ ಹತ್ರ ಓಡಬಹುದು.

ಹೆಪ್ಪು ಮನೇಲೇ ಹಾಕಿ. ಗಟ್ಟಿ ಹಾಲೇ ತಗೊಳ್ಳಿ, 2 ವರ್ಷದ ಒಳಗಿನ ಮಕ್ಕಳಿಗೆ ಕೊಬ್ಬಿನಂಶ ಬೇಕು, ಕೆನೆ ತೆಗೆದ ಹಾಲು ಬೇಡ. ಚೆನ್ನಾಗಿ ಉಕ್ಕಿ ಬರೋ ಹಾಗೆ ಕಾಯಿಸಿ, ಆರಿಸಿ, ಪಾತ್ರೆ ಹೊರಗಿಂದ ಮುಟ್ಟಿದ್ರೆ ಉಗುರು ಬೆಚ್ಚಗೆ ಅನ್ನಿಸ್ಬೇಕು, ಅಂದ್ರೆ ಸುಮಾರು 40 ಡಿಗ್ರಿ, ಆಗ ಅರ್ಧ ಲೀಟರಿಗೆ ಒಂದು ಚಮಚ ತಾಜಾ ಮೊಸರು ಹಾಕಿ ಕಲಸಿ ಮುಚ್ಚಿಡಿ. ಹಾಲು ಸುಡ್ತಿರುವಾಗ ಹಾಕಿದ್ರೆ ಹೆಪ್ಪಿನ ಬ್ಯಾಕ್ಟೀರಿಯಾ ಸತ್ತೋಗುತ್ತೆ, ಮೊಸರು ಆಗಲ್ಲ. ಅನ್ನಕ್ಕೂ ಇದೇ ಮಾತು, ಅನ್ನ ಆರಿದ್ಮೇಲೆ ಮೊಸರು ಕಲಸಿ. 6-8 ಗಂಟೇಲಿ ಆಗುತ್ತೆ, ಚಳಿಗಾಲದಲ್ಲಿ ಇನ್ನೂ ಲೇಟು. ಆದ ತಕ್ಷಣ ಫ್ರಿಜ್ಜಲ್ಲಿಡಿ, ಹುಳಿ ಬಂದಿದ್ದು ದೊಡ್ಡವರ ಮಜ್ಜಿಗೆಗೆ ಹೋಗ್ಲಿ. ಸಕ್ಕರೆ ಬೇಡ, ಬೇಕಾದ್ರೆ ಬಾಳೆಹಣ್ಣು ಕಿವುಚಿ ಹಾಕಿ. ಜೇನುತುಪ್ಪ ವರ್ಷದೊಳಗೆ ಒಂದು ಹನಿನೂ ಕೊಡಬೇಡಿ, ಅದ್ರಿಂದ ಬಾಟುಲಿಸಂ ಅನ್ನೋ ಅಪಾಯಕಾರಿ ಕಾಯಿಲೆ ಬರಬಹುದು.

ಪ್ರೊಬಯಾಟಿಕ್, ಅಂದ್ರೆ ಹೊಟ್ಟೆಗೆ ಒಳ್ಳೇದು ಮಾಡೋ ಜೀವಂತ ಬ್ಯಾಕ್ಟೀರಿಯಾ ಇದೆ ಅಂತ ಡಬ್ಬಿ ಮೇಲೆ ಬರೀಬೇಕಂದ್ರೆ ಯಾವ ತಳಿ, ಎಷ್ಟು ಜೀವಂತ ಬ್ಯಾಕ್ಟೀರಿಯಾ ಅಂತ ಗೊತ್ತಿರಬೇಕು. ಅಂಗಡೀಲಿ ಸಿಗೋ ಯಾಕುಲ್ಟ್ ಅನ್ನೋ ಪ್ರೊಬಯಾಟಿಕ್ ಹಾಲಿನ ಪಾನೀಯದ 65 ಎಂಎಲ್ ಬಾಟ್ಲಲ್ಲಿ ಶಿರೋಟಾ ಅನ್ನೋ ತಳಿ 650 ಕೋಟಿ ಇರುತ್ತೆ, ಜೊತೆಗೆ ಸಕ್ಕರೆನೂ ಇರುತ್ತೆ. ಮನೆ ಮೊಸರಲ್ಲೂ ಜೀವಂತ ಬ್ಯಾಕ್ಟೀರಿಯಾ ಇದ್ದೇ ಇರುತ್ತೆ, ಲೆಕ್ಕ ಮಾತ್ರ ದಿನಕ್ಕೊಂದು ಥರ. ಆರೋಗ್ಯವಾಗಿರೋ ಮಗುಗೆ ಅದೇ ಧಾರಾಳ ಸಾಕು, ಸ್ಟ್ರಾಬೆರಿ ಫ್ಲೇವರ್ ಮೊಸರಿನ ಕಪ್ಪಿಗೆ ದುಡ್ಡು ಹಾಕೋದು ನನಗಂತೂ ಸರಿ ಕಾಣಲ್ಲ. ಪ್ರೊಬಯಾಟಿಕ್ ಡ್ರಾಪ್ಸ್, ಸ್ಯಾಶೆ ಡಾಕ್ಟರ್ ಕೇಳದೆ ಕೊಡಬೇಡಿ, ಅವಧಿಗೆ ಮುಂಚೆ ಹುಟ್ಟಿದ ಮಗು, ರೋಗನಿರೋಧಕ ಶಕ್ತಿ ಕಮ್ಮಿ ಇರೋ ಮಗು ಆದ್ರಂತೂ ಖಂಡಿತ ಬೇಡ.

ಮೊಸರು ತಿಂದ್ರೆ ಶೀತ ಅಂತಾರೆ ಮನೇಲಿ ಹಿರಿಯರು. ಶೀತ ಬರೋದು ವೈರಸ್‌ನಿಂದ, ಮೊಸರಿಂದಲ್ಲ. ಮೊಸರನ್ನ ಫ್ರಿಜ್ಜಿಂದ ಸ್ವಲ್ಪ ಮುಂಚೆ ತೆಗೆದಿಟ್ಟು ತಣ್ಣಗಿರೋದು ಹೋದ್ಮೇಲೆ ಕೊಡಿ.

ಭೇದಿ ಆದಾಗ ಮೊಸರನ್ನ ನಿಲ್ಲಿಸ್ಬೇಡಿ, ಎದೆಹಾಲೂ ನಿಲ್ಲಿಸ್ಬೇಡಿ. ಆದ್ರೆ ಮೊಸರೇ ಔಷಧಿ ಅಂತ ಕೂರಬೇಡಿ, ಮೊದಲು ಓಆರ್‌ಎಸ್ (ಉಪ್ಪು-ಸಕ್ಕರೆ ಪುಡಿ ಕಲಸಿದ ನೀರು), ಆಮೇಲೆ ಡಾಕ್ಟರ್ ಹೇಳಿದಷ್ಟು ಜಿಂಕ್, ಭೇದಿ ನಿಂತ್ರೂ 14 ದಿನ ಪೂರ್ತಿ. ಕಣ್ಣು ಗುಳಿ ಬಿದ್ರೆ, ಉಚ್ಚೆ ಕಮ್ಮಿಯಾದ್ರೆ, ಮಲದಲ್ಲಿ ರಕ್ತ ಕಂಡ್ರೆ, ಮಗು ಮಂಕಾದ್ರೆ ಕಾಯಬೇಡಿ, ಸೀದಾ ಆಸ್ಪತ್ರೆಗೆ ಹೋಗಿ, ದಾರೀಲೂ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸ್ತಾ ಇರಿ.