ಗಾಯ ಮಾಯ್ದ ಮೇಲೆ ಬಂದ ನೋವು, ಐದು ತುಂಡು ಬಟ್ಟೆ

ಸ್ತನ ಕ್ಯಾನ್ಸರಿಗಾಗಿ ಎಡ ಸ್ತನವನ್ನೂ ಕಂಕುಳಿನ ಗಂಟುಗಳನ್ನೂ ತೆಗೆಸಿಕೊಂಡು ನನಗೀಗ ಒಂದೂವರೆ ವರ್ಷವಾಯಿತು. ಶಸ್ತ್ರಚಿಕಿತ್ಸೆಯ ನೋವಿಗೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅದು ಪ್ಯಾರಾಸಿಟಮಾಲ್‌ನಲ್ಲೇ ಕಳೆದುಹೋಯಿತು. ಹನ್ನೆರಡನೆಯ ದಿನವೋ ಹದಿಮೂರನೆಯ ದಿನವೋ, ಗಾಯದೊಳಗಿನಿಂದ ನಳಿಗೆಯ ಮೂಲಕ ಡ್ರೈನ್ ಬಾಟಲಿಗೆ ಇಳಿಯುವ ನೀರು ಎರಡು ದಿನ ಸತತವಾಗಿ ದಿನಕ್ಕೆ 30 ಮಿ.ಲೀ.ಗಿಂತ ಕಡಿಮೆಯಾದಾಗ ನಳಿಗೆ ತೆಗೆದರು, ಹೊಲಿಗೆಯೂ ಒಣಗಿತು. ನಿಜವಾದ ನೋವು ಆರಂಭವಾದದ್ದು ಅದರ ನಂತರ, ಮೂರನೆಯ ವಾರದಲ್ಲಿ, ಅದೂ ಕತ್ತರಿಯೇ ತಾಗದ ರಟ್ಟೆಯ ಒಳಭಾಗದಲ್ಲಿ. ರವಿಕೆಯ ತೋಳು ಸವರಿದರೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಂತೆ ಉರಿಯುತ್ತಿತ್ತು. ಅದರ ಪಕ್ಕದಲ್ಲೇ ಗಟ್ಟಿಯಾಗಿ ಒತ್ತಿದರೂ ಏನೂ ತಿಳಿಯುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ರವಿಕೆ ಹೊಲಿದೇ ಇಬ್ಬರು ಮಕ್ಕಳನ್ನು ಓದಿಸಿದ ನನಗೆ ರವಿಕೆ ತೊಡುವುದೇ ಶಿಕ್ಷೆಯಾಯಿತು.

ಶಸ್ತ್ರಚಿಕಿತ್ಸೆಯ ಖರ್ಚು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ನೀಗಿತ್ತು. ಈ ಉರಿಗೆ ಮಾತ್ರ ಎರಡು ತಿಂಗಳಲ್ಲಿ ಕೈಯಿಂದ ಹದಿನಾಲ್ಕು ಸಾವಿರದಷ್ಟು ಹೋಯಿತು. ಮುಲಾಮುಗಳಿಗೆ ಸುಮಾರು 900 ರೂಪಾಯಿ ಕೊಟ್ಟೆ, ಅವುಗಳಿಂದ ವಾಸನೆಯೊಂದೇ ಉಳಿಯಿತು. ಎಣ್ಣೆ ತಿಕ್ಕುವವರೊಬ್ಬರು ಸಲಕ್ಕೆ 300ರಂತೆ ಆರು ಸಲ ಬಂದು ರಟ್ಟೆಯನ್ನು ಹಿಸುಕಿದರು. ಆರನೆಯ ಸಲದ ಮರುದಿನ ಟೇಪು ಹಿಡಿದು ನೋಡಿದರೆ ಮೊಣಕೈಯ ಕೆಳಗೆ ಸುತ್ತಳತೆ ಮುಕ್ಕಾಲು ಇಂಚು ಹೆಚ್ಚಾಗಿತ್ತು. ಎಲ್ಲಕ್ಕಿಂತ ದೊಡ್ಡ ತಪ್ಪು ಬಿಸಿನೀರಿನ ಚೀಲ. ಮರಗಟ್ಟಿದ ಚರ್ಮಕ್ಕೆ ಬಿಸಿ ತಿಳಿಯುವುದಿಲ್ಲವೆಂಬುದು ಹೊಳೆಯದೆ ಅದನ್ನು ಕಂಕುಳಿಗೆ ಒತ್ತಿಕೊಂಡು ನಿದ್ದೆ ಹೋದೆ. ಬೆಳಿಗ್ಗೆ ರೂಪಾಯಿ ನಾಣ್ಯದಷ್ಟು ಅಗಲದ ಬೊಬ್ಬೆ ಎದ್ದಿತ್ತು, ಅದು ಮಾಯಲು ಹದಿನೈದು ದಿನ ಬೇಕಾಯಿತು. ವೈದ್ಯರು ರಾತ್ರಿಗೆ ಬರೆದುಕೊಟ್ಟ ನರದ ಮಾತ್ರೆ, ಪ್ರಿಗಾಬಲಿನ್, ನಿದ್ದೆಯನ್ನೇನೋ ತಂದಿತು. ಆದರೆ ಮೊದಲ ವಾರದ ಮಂಪರಿನಲ್ಲಿ ಒಬ್ಬ ಗಿರಾಕಿಯ ರೇಷ್ಮೆ ರವಿಕೆಗೆ ಬೆನ್ನಿನ ಕೊರಳನ್ನು ಮುಂಭಾಗಕ್ಕೆ ಕತ್ತರಿಸಿಬಿಟ್ಟೆ. ಆ ಬಟ್ಟೆಯ ಬೆಲೆ 1,200, ಅದನ್ನೂ ನಾನೇ ತೆತ್ತೆ.

ಅಷ್ಟರಲ್ಲಿ ಇನ್ನೊಂದು ಸಂಕಟ ಎದುರಾಯಿತು. ಕಂಕುಳಿನಿಂದ ಮೊಣಕೈವರೆಗೆ ಚರ್ಮದಡಿಯಲ್ಲಿ ಏಕತಾರಿಯ ತಂತಿಯಂತೆ ಬಿಗಿದ ಹುರಿಯೊಂದು ಎದ್ದು ಕಾಣತೊಡಗಿ, ಕೈ ಭುಜದಿಂದ ಮೇಲೇಳದಾಯಿತು. ರೇಡಿಯೇಷನ್ನಿಗೆ ಕೈಯನ್ನು ತಲೆಯ ಮೇಲಿಟ್ಟುಕೊಂಡು ಮಲಗಬೇಕಲ್ಲ. ನನ್ನಿಂದ ಆಗದ್ದಕ್ಕೆ ಎರಡು ವಾರ ಬಿಟ್ಟು ಬರಲು ಹೇಳಿ ಕಳುಹಿಸಿದರು. ಇದಕ್ಕೆ ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತ ಕೈಯನ್ನು ಮೇಲೇರಿಸುವ ವ್ಯಾಯಾಮವಿದೆ, ಅದಕ್ಕೆ ನಾನು ಕೂಡಿಸಿದ್ದು ಲೆಕ್ಕವನ್ನು. ಹೊಲಿಗೆಯ ಸೀಮೆಸುಣ್ಣದಿಂದ ಪ್ರತಿ ಸಂಜೆ ಗುರುತು ಹಾಕಿ ನೆಲದಿಂದ ಟೇಪು ಹಿಡಿದು ಅಳೆಯುತ್ತಿದ್ದೆ. ಮೊದಲ ಗುರುತು 50 ಇಂಚಿನ ಆಸುಪಾಸಿನಲ್ಲಿತ್ತು, ಬಲಗೈಯದು 74. ಒಂಬತ್ತನೆಯ ದಿನ ಕೈ ಚಾಚುತ್ತಿರುವಾಗ ಒಳಗೆ ‘ಟಕ್’ ಎಂದು ಏನೋ ಹರಿದಂತಾಗಿ ನಾನು ಅಲ್ಲೇ ಕುಸಿದು ಕುಳಿತೆ. ಹರಿದದ್ದು ಆ ಹುರಿ. ಹೀಗಾಗುವುದುಂಟು, ಹೆದರಬೇಡಿ ಎಂದು ಫಿಸಿಯೋಥೆರಪಿಯವರು ನಕ್ಕರು. ಮರುದಿನದ ಗುರುತು ಒಂದೇ ಸಲಕ್ಕೆ ನಾಲ್ಕು ಇಂಚು ಮೇಲಿತ್ತು. ಹೇಳಿದ ದಿನಕ್ಕೆ ಸರಿಯಾಗಿ ಹೋಗಿ ಕೈಯೆತ್ತಿ ಮಲಗಿದೆ.

ಉರಿ ಮಾತ್ರ ಹಾಗೆಯೇ ಇತ್ತು. ಗಂಟು ತೆಗೆಯುವಾಗ ಕಂಕುಳನ್ನು ದಾಟಿ ಹೋಗುವ ನರಕ್ಕೆ ಪೆಟ್ಟಾಗಿದೆ, ಸ್ಪರ್ಶವೆಂದರೇನು ಎಂಬುದನ್ನು ಅದಕ್ಕೆ ಮತ್ತೆ ಕಲಿಸಬೇಕು ಎಂದು ಅದೇ ಫಿಸಿಯೋಥೆರಪಿಯವರು ಹೇಳಿ, ಹತ್ತಿಯಿಂದ ಸವರಲು ತಿಳಿಸಿದ್ದರು. ಹತ್ತಿಯೊಂದೇ ಏಕೆ, ನನ್ನ ಅಂಗಡಿಯಲ್ಲಿ ಚೂರುಬಟ್ಟೆಗೇನು ಬರವೇ? ರೇಷ್ಮೆ, ತೆಳುವಾದ ಮಲ್ಲು ಬಟ್ಟೆ, ಒಗೆದ ಕಾಟನ್, ಗುಳೇದಗುಡ್ಡದ ಖಣ, ಕೊನೆಗೆ ಒರಟು ಟವೆಲ್ಲು, ಹೀಗೆ ಅಂಗೈಯಗಲದ ಐದು ತುಂಡುಗಳನ್ನು ಆರಿಸಿದೆ. ದಿನಕ್ಕೆ ನಾಲ್ಕು ಸಲ, ಸಲಕ್ಕೆ ಐದು ನಿಮಿಷ, ಮೊದಲು ಬಲ ರಟ್ಟೆಯ ಮೇಲೆ, ನಂತರ ಅದೇ ಬಟ್ಟೆಯನ್ನು ಎಡಗಡೆ, ಉರಿಯ ಅಂಚಿನಿಂದ ನಡುವಿಗೆ. “ಸುಮ್ನಿದ್ರ ತಾನ ಮಾಯ್ತೈತಿ, ಅದನ್ಯಾಕ ತಿಕ್ಕಾಕ ಹತ್ತೀಯವ್ವಾ?” ಎಂದು ಅತ್ತೆಯವರು ದಿನವೂ ಗೊಣಗುತ್ತಿದ್ದರು. ನರ್ಸ್ ಆಗಿರುವ ನಾದಿನಿಯೂ ಮಾತ್ರೆ ಹೆಚ್ಚಿಸಿಕೊಳ್ಳುವುದೇ ಮೇಲೆಂದಳು. ಅವರ ಮಾತಿಗೂ ಕಾರಣವಿತ್ತು: ಮೊದಲ ವಾರ ರೇಷ್ಮೆಯೇ ಕಣ್ಣಲ್ಲಿ ನೀರು ತರಿಸಿತು, ಎರಡನೆಯ ವಾರ ಅವಸರಪಟ್ಟು ಖಣಕ್ಕೆ ಹಾರಿದ್ದಕ್ಕೆ ಎರಡು ರಾತ್ರಿ ನಿದ್ದೆ ಕೆಟ್ಟಿತು. ಒಂದು ಬಟ್ಟೆ ಬೇಸರ ತರಿಸುವವರೆಗೆ ಮುಂದಿನದಕ್ಕೆ ಹೋಗಬಾರದೆಂಬುದು ನಾನೇ ಕಂಡುಕೊಂಡ ನಿಯಮ. ರೇಡಿಯೇಷನ್ ನಡೆಯುವಾಗ ಆ ಭಾಗದ ಚರ್ಮವನ್ನು ಮುಟ್ಟದೆ, ರಟ್ಟೆಗೆ ಮಾತ್ರ ಮುಂದುವರಿಸಿದೆ. ಟವೆಲ್ಲಿಗೆ ತಲುಪಲು ಹತ್ತಿರ ಹತ್ತಿರ ಎರಡೂವರೆ ತಿಂಗಳು ಹಿಡಿಯಿತು. ಅಷ್ಟರಲ್ಲಿ ವೈದ್ಯರು ಮಾತ್ರೆಯನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸಿದ್ದರು. ಈಗ ಅದೇ ನಾದಿನಿ ತನ್ನ ರೋಗಿಗಳಿಗಾಗಿ ನನ್ನಿಂದ ಚೂರುಬಟ್ಟೆ ಒಯ್ಯುತ್ತಾಳೆ.

ಕತ್ತು ಒಂದೇ ಕಡೆ ಜಗ್ಗಿ ನೋಯುತ್ತಿದ್ದುದಕ್ಕೆ, ತೆಗೆದ ಸ್ತನದ ಜಾಗದಲ್ಲಿ ಇಟ್ಟುಕೊಳ್ಳುವ ಪ್ಯಾಡಿನ ಪ್ರಯೋಗವನ್ನೂ ಮಾಡಿದೆ. ಸಿಲಿಕೋನಿನದಕ್ಕೆ ಆರು ಸಾವಿರ ಕೇಳಿದರು. ಬರೀ ಹತ್ತಿ ತುಂಬಿದರೆ ತೂಕವಿಲ್ಲದೆ ಕೊರಳಿನ ಕಡೆಗೆ ಏರುತ್ತಿತ್ತು. ರಾಗಿ ಬೆವರಿಗೆ ಮುಗ್ಗಿತು. ಸಾಸಿವೆ ತಂಪಾಗಿ, ಮೈಗೆ ಹೊಂದಿಕೊಂಡು ಚೆನ್ನಾಗಿತ್ತು, ಆದರೆ ಹೊಲಿಗೆ ಬಿಟ್ಟು ಒಂದು ಮದುವೆಮನೆಯಲ್ಲಿ ಕಾಲಬುಡಕ್ಕೆ ಉದುರಿತು. ಈಗಿನದು 350 ಗ್ರಾಮಿನ ಆಸುಪಾಸಿನಲ್ಲಿದ್ದು, ಬಗ್ಗಿದರೂ ಜಾಗ ಬಿಡುವುದಿಲ್ಲ. ಒಳಗೇನಿದೆ, ಪಟ್ಟಿಯನ್ನು ಎಲ್ಲಿ ಹಿಡಿಸಿದ್ದೇನೆ ಎಂಬುದನ್ನು ಬರೆಯಲಾರೆ, ಏಕೆಂದರೆ ತಿಂಗಳಿಗೆ ನಾಲ್ಕೈದು ಹೊಲಿದು ಮಾರುತ್ತಿದ್ದೇನೆ.

ಉರಿ ಹೋದರೂ ಕಂಕುಳಿನ ಪಕ್ಕ ಅಂಗೈಯಷ್ಟು ಜಾಗ ಇಂದಿಗೂ ಮರಗಟ್ಟಿಯೇ ಇದೆ. ಅಳತೆ ನೋಡುವಾಗ ಗುಂಡುಸೂಜಿಗಳನ್ನು ಎಡಗಡೆಯ ರವಿಕೆಯಂಚಿಗೆ ಚುಚ್ಚಿಕೊಳ್ಳುವುದು ನನ್ನ ಹಳೆಯ ರೂಢಿ. ಕಳೆದ ದೀಪಾವಳಿಯ ಗಡಿಬಿಡಿಯಲ್ಲಿ “ಅಕ್ಕಾರ, ರಕ್ತ ಬರಾಕ ಹತ್ತೈತ್ರಿ” ಎಂದು ಗಿರಾಕಿಯೊಬ್ಬಳು ತೋರಿಸುವವರೆಗೆ ಸೂಜಿ ಚರ್ಮದೊಳಗೆ ಹೋಗಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಅಂದಿನಿಂದ ಸೂಜಿಗಳೆಲ್ಲ ಬಲಗಡೆಗೆ.